ಕಿಟಕಿಯಿಂದ ಬಂದ ಕೇಬಲ್

ಅವ್ವ ತೀರಿಕೊಂಡದ್ದು ನನಗೆ ತಿಳಿದದ್ದು ಹದಿಮೂರನೆಯ ದಿನ ಮುಗಿದ ಮೇಲೆ, ಅದೂ ಬೇರೆಯವರ ಬಾಯಿಂದ. ನಾನು ಜಾತಿ ಬಿಟ್ಟು ಮದುವೆಯಾಗಿ ತಿಳವಳ್ಳಿ ಸೇರಿದವಳು. ಹಾನಗಲ್ಲಿನ ಅಣ್ಣ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದ.

ಕೊನೆಯ ಎರಡು ವರ್ಷ ಅವನು ಅವ್ವನಿಂದ ಹಳೆಯ ಹಾಡುಗಳನ್ನೆಲ್ಲ ಹಾಡಿಸಿ, ವಿಡಿಯೊ ಮಾಡಿ ತನ್ನ ಕಂಪ್ಯೂಟರಿನಲ್ಲಿ ಇಟ್ಟಿದ್ದನಂತೆ. ಸೋದರಮಾವ ಹೇಳಿದಾಗ ನನಗೆ ಗೊತ್ತಾಯಿತು. ಮಾವನೇ ಜಗಳಾಡಿ, ನನಗೂ ಒಂದು ಪ್ರತಿ ಕೊಡಲು ಅವನನ್ನು ಒಪ್ಪಿಸಿದರು. ಅವನು ಎರಡು ಷರತ್ತು ಹಾಕಿದ. ನನ್ನ ಪೆನ್ ಡ್ರೈವ್ ಅವನ ಕಂಪ್ಯೂಟರಿಗೆ ಚುಚ್ಚಬಾರದು, ವೈರಸ್ ಬರುತ್ತದೆ. ನಾನು ಹೊಸ್ತಿಲು ದಾಟಬಾರದು.

ಹಾಗಾಗಿ ನಾನು ಲ್ಯಾಪ್‌ಟಾಪನ್ನೂ ಉದ್ದನೆಯ ನೆಟ್‌ವರ್ಕ್ ಕೇಬಲನ್ನೂ ತಗೊಂಡು ಹೋಗಿ, ಹುಟ್ಟಿದ ಮನೆಯ ಕಟ್ಟೆಯ ಮೇಲೆ ಕುಳಿತೆ. ಕೇಬಲಿನ ತುದಿಯನ್ನು ಕಿಟಕಿಯ ಸರಳುಗಳ ನಡುವೆ ಒಳಗೆ ತೂರಿಸಿದೆ. ಅಣ್ಣ ಅದನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿದ. ಅತ್ತಿಗೆ ಕಾಗದದ ಲೋಟದಲ್ಲಿ ನೀರು ತಂದು ನನ್ನಿಂದ ಒಂದು ಮಾರು ದೂರದಲ್ಲಿಟ್ಟು ಹೋದಳು. ನಾನು ಮುಟ್ಟಲಿಲ್ಲ.

ಎರಡೂ ಕಂಪ್ಯೂಟರುಗಳಿಗೆ ಬೇರೆ ಬೇರೆ ಐಪಿ ನಂಬರ್ ಕೊಡಬೇಕು. ನನ್ನದಕ್ಕೆ ನಾನು ಕೊಟ್ಟೆ. ಅವನದನ್ನು ಕಿಟಕಿಯಿಂದಲೇ ಹೇಳಿದೆ. ಅವನು ಕೊಟ್ಟರೂ ಅವನ ಕಂಪ್ಯೂಟರು ನನಗೆ ಕಾಣಲಿಲ್ಲ.

"ಫೈರ್‌ವಾಲ್ ಬಂದ್ ಮಾಡಬೇಕು," ಎಂದೆ.

"ಯಾಕ? ಎಲ್ಲಾ ತಗದ ನೋಡಾಕೇನು?"

"ನಿನ್ನ ಬ್ಯಾರೆ ಕಾಗದ-ಪತ್ರ ತಗೊಂಡು ನಾ ಏನ ಮಾಡ್ಲಿ? ಅವ್ವನ ಫೋಲ್ಡರ್ ಒಂದ ಶೇರ್ ಮಾಡು, ಸಾಕು."

ಅವನು ಗೊಣಗುತ್ತಾ ಮಾಡಿದ. ಈ ಸಲ ನನ್ನ ಪರದೆ ಅವನ ಕಂಪ್ಯೂಟರಿನ ಪಾಸ್‌ವರ್ಡ್ ಕೇಳಿತು. ಅವನು ಅದನ್ನು ನನಗೆ ಹೇಳಲಿಲ್ಲ. ಹೊರಗೆ ಬಂದು, "ಆ ಕಡೆ ಮಾರಿ ಮಾಡು," ಎಂದು ತಾನೇ ಒತ್ತಿದ. ನಾನು ಬೀದಿಯ ಕಡೆ ತಿರುಗಿ ಕುಳಿತೆ. ನಮ್ಮನ್ನೇ ನೋಡುತ್ತಿದ್ದ ಎದುರುಮನೆಯ ಹೆಂಗಸು ಕಣ್ಣು ತಪ್ಪಿಸಿದಳು.

ಫೋಲ್ಡರು ತೆರೆಯಿತು. ಅಣ್ಣ ಒಳಗೆ ಹೋಗಿ ಕುಳಿತ. ಐವತ್ತಮೂರು ಹಾಡು. ಕಾಪಿ ಆಗತೊಡಗಿತು. ಅಷ್ಟರಲ್ಲಿ ಸರಿಯಾಗಿ ಬಂದಿದೆಯೋ ನೋಡೋಣವೆಂದು ಒಂದನ್ನು ಹಚ್ಚಿದೆ. ಅವ್ವ! ಎಷ್ಟು ಸಣ್ಣಗಾಗಿದ್ದಳು. ಹಸೆಗೆ ಕರೆಯುವ ಹಾಡನ್ನು ಅರ್ಧಕ್ಕೇ ನಿಲ್ಲಿಸಿ ಕ್ಯಾಮೆರಾದ ಹಿಂದೆ ಇದ್ದವನನ್ನು ಕೇಳಿದಳು:

"ಇದನ್ನ ಆಕಿಗೂ ಕಳಸ್ತೀಯಲಾ?"

"ಹೂಂ, ಕಳಸ್ತೇನಿ. ನೀ ಹಾಡು."

ಅಣ್ಣನ ದನಿ. ಒಳಗೆ ಕುರ್ಚಿ ಸರಿದ ಸದ್ದಾಯಿತು. ಮರುಕ್ಷಣ ಕಾಪಿ ನಿಂತಿತು. ಅವನು ಕೇಬಲ್ ಕಿತ್ತಿದ್ದ.

"ಇನ್ನೂ ಹನ್ನೆರಡು ಅದಾವು," ಎಂದೆ.

"ಬಂದಷ್ಟು ಸಾಕು. ಎದ್ದ ಹೋಗು."

"ಅವ್ವಗ ಸುಳ್ಳ ಹೇಳಿದಿ. ಸಾಯೂ ಮಟಾ ಕಾದಾಳ ಆಕಿ. ಪೂರಾ ಕೊಡೂ ಮಟಾ ನಾ ಏಳಂಗಿಲ್ಲ."

ನನ್ನ ದನಿ ಬೀದಿಗೆಲ್ಲ ಕೇಳಿತು. ಕೇಳಲಿ ಎಂದೇ ಕೂಗಿದ್ದೆ. ಅಣ್ಣ ಹಿತ್ತಲಿಗೆ ಹೋಗಿ ಬಾಗಿಲು ಹಾಕಿಕೊಂಡ. ನಾನು ಕದಲಲಿಲ್ಲ. ಅರ್ಧ ತಾಸಾದ ಮೇಲೆ ಅತ್ತಿಗೆಯೇ ಬಂದು ಕೇಬಲನ್ನು ಮತ್ತೆ ಸಿಕ್ಕಿಸಿದಳು. ಪ್ರೀತಿಯಿಂದಲ್ಲ.

"ಲಗೂ ಮುಗಿಸಿ ನಡೀರಿ. ಮಂದಿ ನೋಡಾಕತ್ತಾರ," ಎಂದಳು.

ಹನ್ನೆರಡೂ ಬಂದವು. ಕೇಬಲ್ ಸುತ್ತಿಕೊಂಡು, ಹೋಗಿ ಬರುತ್ತೇನೆ ಎಂದೂ ಹೇಳದೆ ಬಸ್ ಸ್ಟ್ಯಾಂಡಿಗೆ ನಡೆದೆ.

ಮನೆಗೆ ಬಂದು ಮಗಳಿಗೆ ತೋರಿಸಿದೆ. ಅಜ್ಜಿಯ ದನಿಯನ್ನು ಅವಳು ಕೇಳಿದ್ದು ಅದೇ ಮೊದಲು. ಬಾಗಿ ಪರದೆಯ ಹತ್ತಿರ ಮುಖವಿಟ್ಟು ನೋಡಿದಳು.

"ಅಜ್ಜಿ ಜೋಡಿ ಮಾತಾಡಾಕತ್ತಾರಲಾ, ಅವರ್ಯಾರವ್ವಾ?"

"ಯಾರೋ ಏನೋ, ಗೊತ್ತಿಲ್ಲ," ಎಂದೆ.