ಸತ್ತವನ ಬಾಯಿಗೆ ನಾನು ಕೊಟ್ಟ ಡೈಲಾಗು

ಕತೆ ಹೇಳುವುದರಲ್ಲಿ ನಾನು ಗಟ್ಟಿಗಿತ್ತಿ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಹಿಂದೆ ಜಂಬವಿತ್ತು, ಈಗಿಲ್ಲ. ಅಮೆರಿಕದ ಕ್ಯುಪರ್ಟಿನೋದಲ್ಲಿರುವ ನಮ್ಮ ಕನ್ನಡದ ಗುಂಪಿನಲ್ಲಿ ಪಾಟ್‌ಲಕ್ ಊಟವೆಂದರೆ ಒಬ್ಬರು ಬಿಸಿಬೇಳೆಬಾತ್ ತರುತ್ತಾರೆ, ಒಬ್ಬರು ಕೋಸಂಬರಿ ತರುತ್ತಾರೆ, ಒಬ್ಬರು ಅಂಗಡಿಯಿಂದ ಕೊಂಡ ಮೈಸೂರ್‌ಪಾಕನ್ನು ತಮ್ಮ ಡಬ್ಬಿಗೆ ಹಾಕಿಕೊಂಡು ಬಂದು ಮನೆಯದೇ ಎನ್ನುತ್ತಾರೆ. ನಾನು ತರುತ್ತಿದ್ದುದು ಮೊಸರನ್ನ ಮತ್ತು ಒಂದು ಕೊಲೆ.

ಕೊಲೆ ನಿಜವಾದದ್ದು. ಮಂಡ್ಯದ ಕಡೆಯ ನಮ್ಮ ಊರಿನಲ್ಲಿ, ನನಗೆ ಹದಿನೇಳು ವರ್ಷವಾಗಿದ್ದಾಗ, ಬಸ್ ಸ್ಟ್ಯಾಂಡಿನ ಎದುರು ಹಾಡಹಗಲೇ ಒಬ್ಬ ಮನುಷ್ಯನನ್ನು ಕೊಚ್ಚಿ ಹಾಕಿದ್ದರು. ನಾನು ಅಲ್ಲೇ ಝೆರಾಕ್ಸ್ ಅಂಗಡಿಯಲ್ಲಿ ಮಾರ್ಕ್ಸ್ ಕಾರ್ಡಿನ ಪ್ರತಿ ತೆಗೆಸುತ್ತಿದ್ದೆ. ಇಷ್ಟು ನಿಜ. ಇದರ ಮೇಲೆ ನಾನು ಕಟ್ಟಿದ್ದು ಮೂರಂತಸ್ತಿನ ಮನೆ.

ಕನ್ನಡ ಸಿನಿಮಾ ಇಲ್ಲಿಯ ಥಿಯೇಟರಿಗೆ ಬರುವುದು ಅಪರೂಪ. ಬಂದರೂ ಎರಡೋ ಮೂರೋ ಶೋ. ಹಾಗಾಗಿ ಸಿನಿಮಾ ಹೇಗಿದೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ, ಕನ್ನಡದ್ದು ಎಂದರೆ ಎರಡು ಸಾಲು ಸೀಟು ಬುಕ್ ಆಗಿಬಿಡುತ್ತವೆ. ಮಕ್ಕಳನ್ನೂ ಎಳೆದುಕೊಂಡು ಹೋಗುತ್ತೇವೆ, ಕಿವಿಗೆ ನಾಲ್ಕು ಕನ್ನಡ ಮಾತು ಬೀಳಲಿ ಎಂದು. ಬೀಳುತ್ತಿದ್ದ ಮಾತುಗಳು ಕೊಚ್ಚು, ಕಡಿ, ಎತ್ತಿಬಿಡು. ಬರ್ತ್‌ಡೇಗೆ ಯಾರಾದರೂ ಆಟದ ಗನ್ನು ಕೊಟ್ಟರೆ ಪೊಟ್ಟಣ ಬಿಚ್ಚದೆ ವಾಪಸು ಕಳಿಸುವ ತಾಯಂದಿರು ನಾವು. ನೀರು ಚಿಮ್ಮಿಸುವ ಪಿಸ್ತೂಲಿಗೂ ನಮ್ಮ ಮನೆಯಲ್ಲಿ ಪ್ರವೇಶವಿರಲಿಲ್ಲ. ಪರದೆಯ ಮೇಲೆ ಹೀರೋ ಮಾರುದ್ದದ ಲಾಂಗು ಬೀಸಿದಾಗ ಶಿಳ್ಳೆ ಹೊಡೆದವರೂ ನಾವೇ. ಗನ್ನು ಅಮೆರಿಕದ ರೋಗ, ಲಾಂಗು ನಮ್ಮ ಕಡೆಯದು, ತವರಿನಿಂದ ಬಂದ ಉಪ್ಪಿನಕಾಯಿಯ ಹಾಗೆ ಅದಕ್ಕೆ ದೋಷವಿಲ್ಲ ಎಂದುಕೊಂಡಿದ್ದೆವೋ ಏನೋ.

ಸಿನಿಮಾ ಮುಗಿದ ಮೇಲೆ ಯಾರದಾದರೂ ಮನೆಯಲ್ಲಿ ಊಟ. ಊಟದ ನಡುವೆ ಫೈಟುಗಳ ಚರ್ಚೆ. ಆಗ ಯಾರಾದರೊಬ್ಬರು ನನ್ನ ಕಡೆ ತಿರುಗಿ, "ಇವೆಲ್ಲ ಏನ್ರೀ, ಇವ್ರು ರಿಯಲ್ಲಾಗೇ ನೋಡಿದ್ದಾರೆ. ಹೊಸಬರು ಬಂದಿದ್ದಾರೆ, ಒಂದ್ಸಲ ಹೇಳ್ಬಿಡಿ" ಎನ್ನುವರು. ನಾನು ಬೇಡ ಬೇಡ ಎನ್ನುತ್ತಲೇ ಸಾಂಬಾರಿನ ಸೌಟು ಕೈಗೆತ್ತಿಕೊಳ್ಳುವೆ. ಸೌಟೇ ನನ್ನ ಲಾಂಗು.

ನನ್ನ ಕತೆಯಲ್ಲಿ ನಾನು ಝೆರಾಕ್ಸ್ ಅಂಗಡಿಯೊಳಗೆ ನಿಂತಿದ್ದೆ, ಹೊರಗೆ ಮಳೆ ಸುರಿಯುತ್ತಿತ್ತು. ಊರೇ ಹೆದರುತ್ತಿದ್ದ ಆಜಾನುಬಾಹು ಗಂಡಸು, ಬಿಳಿ ಶರ್ಟು, ಬೇಕರಿಯಿಂದ ಹೊರಗೆ ಬರುತ್ತಾನೆ. ವ್ಯಾನು ಬಂದು ನಿಲ್ಲುತ್ತದೆ. ಆರು ಜನ ಇಳಿಯುತ್ತಾರೆ. ಹಿಂದಿನಿಂದ ಮೊದಲ ಏಟು. ಅವನು ನಿಧಾನವಾಗಿ ತಿರುಗಿ, ತೋಳು ಮಡಿಸಿ, ನಕ್ಕು ಹೇಳುತ್ತಾನೆ: "ಬೆನ್ನಿಗೆ ಯಾಕ್ರೋ ಹೊಡೀತೀರಾ, ಮುಂದೆ ಬನ್ರೋ. ನಿಮ್ಮ ಮುಖ ನೋಡ್ಕೊಂಡೇ ಸಾಯ್ತೀನಿ." ಇದನ್ನು ನಾನು ಗಂಟಲು ದಪ್ಪ ಮಾಡಿಕೊಂಡು, ಎಳೆದು ಎಳೆದು ಹೇಳುತ್ತಿದ್ದೆ. ಎಲ್ಲರ ಕೈಯ ತುತ್ತು ಅಲ್ಲಲ್ಲೇ ನಿಲ್ಲುತ್ತಿತ್ತು. ಆಮೇಲೆ "ಅಬ್ಬಬ್ಬಾ!"

ಒಮ್ಮೆ ಮಾತ್ರ, ಆಗ ಹತ್ತು ವರ್ಷದವನಾಗಿದ್ದ ಮಗ ಎಲ್ಲರೆದುರು ಮಾನ ತೆಗೆದ. "ಅಮ್ಮಾ, ಲಾಸ್ಟ್ ಟೈಮ್ ಓನ್ಲಿ ಫೋರ್ ಗಯ್ಸ್ ಇದ್ರು. ರೇನ್ ಕೂಡ ಇರ್ಲಿಲ್ಲ." ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಕ್ಕು, ಮುಂದಿನ ಸಲವೂ ಆರು ಜನರನ್ನೇ ಇಳಿಸಿದೆ.

ಎರಡು ವರ್ಷದ ಹಿಂದೆ ಅಂಥದೇ ಒಂದು ಸಂಜೆ ನಮ್ಮ ಮನೆಯಲ್ಲಿ ಊಟವಿತ್ತು. ಮೌಂಟನ್ ವ್ಯೂನ ಅಪಾರ್ಟ್‌ಮೆಂಟಿಗೆ ಹೊಸದಾಗಿ ಬಂದಿದ್ದ ಒಬ್ಬ ಹುಡುಗಿ ಮೊದಲ ಸಲ ಬಂದಿದ್ದಳು. ಹುಡುಗಿ ಎನ್ನುತ್ತೇನೆ, ಮೂವತ್ತು ದಾಟಿದ್ದವಳು. ಒಬ್ಬಳೇ ಇದ್ದಳು, ಗಂಡನ ವೀಸಾ ಇನ್ನೂ ಆಗಿರಲಿಲ್ಲ. ನಾನು ಸೌಟು ಬೀಸಿ ಮುಗಿಸಿದಾಗ ಅವಳೊಬ್ಬಳು ಅಬ್ಬಬ್ಬಾ ಎನ್ನಲಿಲ್ಲ. ಪಾತ್ರೆ ಎತ್ತಿಡಲು ನಾನು ಅಡುಗೆಮನೆಗೆ ಹೋದಾಗ ಹಿಂದೆಯೇ ಬಂದಳು.

"ಅಕ್ಕ, ನಿಮ್ಮೂರು ಯಾವುದು?"

ಹೇಳಿದೆ.

"ಆ ಬೇಕರಿ, ಬಸ್ ಸ್ಟ್ಯಾಂಡ್ ಎದುರಿಗೆ, ಪಕ್ಕದಲ್ಲಿ ಒಂದು ಔಷಧಿ ಅಂಗಡಿ ಇತ್ತಲ್ವಾ?"

"ಇತ್ತು. ನಿಂಗೆ ಹೇಗೆ ಗೊತ್ತು?"

"ಅವತ್ತು ಸತ್ತಿದ್ದು ನಮ್ಮಪ್ಪ ಅಕ್ಕ."

ನಾನು ಕೈಯಲ್ಲಿದ್ದ ತಟ್ಟೆಯನ್ನು ಎಲ್ಲಿಟ್ಟೆನೋ ನೆನಪಿಲ್ಲ. ಅವಳು ಅಳುತ್ತಿರಲಿಲ್ಲ, ಅವಳ ಮುಖದಲ್ಲಿ ಒಂದು ಬಗೆಯ ಖುಷಿಯಿತ್ತು. ಅದೇ ನನ್ನನ್ನು ಕೊಂದದ್ದು. ಅವಳಿಗೆ ಆಗ ಮೂರು ವರ್ಷವಂತೆ. ಅಪ್ಪ ಹೈಸ್ಕೂಲಿನಲ್ಲಿ ಗುಮಾಸ್ತರು. ಯಾರದೋ ಜಮೀನಿನ ಕೇಸಿನಲ್ಲಿ ಕಂಡದ್ದನ್ನು ಕೋರ್ಟಿನಲ್ಲಿ ಹೇಳುತ್ತೇನೆಂದು ಒಪ್ಪಿದ್ದರಂತೆ. ಮನೆಯಲ್ಲಿ ಆ ಮಾತನ್ನೇ ಎತ್ತುವಂತಿರಲಿಲ್ಲ. ಎರಡು ಫೋಟೋ ಬಿಟ್ಟರೆ ಅಪ್ಪನದು ಏನೂ ಉಳಿದಿಲ್ಲ, ದನಿಯ ನೆನಪೂ ಇಲ್ಲ.

"ಅವ್ರು ನಿಜವಾಗ್ಲೂ ಹಾಗಂದ್ರಾ ಅಕ್ಕ? ಮುಖ ನೋಡ್ಕೊಂಡೇ ಸಾಯ್ತೀನಿ ಅಂತ?"

ಸುಳ್ಳನ್ನು ಒಪ್ಪಿಕೊಳ್ಳಲು ಒಂದು ಕ್ಷಣ ಸಾಕಿತ್ತು. ಆಚೆ ಹಾಲಿನಲ್ಲಿ ಜನ ಇನ್ನೂ ನನ್ನ ಕತೆಯ ಬಗ್ಗೆಯೇ ಮಾತನಾಡುತ್ತಿದ್ದರು. "ಹೂಂ" ಎಂದೆ.

ಅವಳು ಫೋನು ತೆಗೆದಳು. "ಇನ್ನೊಂದ್ಸಲ ಹೇಳ್ತೀರಾ? ರೆಕಾರ್ಡ್ ಮಾಡ್ಕೊತೀನಿ. ಅವ್ರು ಹೇಗೆ ಹೇಳಿದ್ರೋ ಹಾಗೇ. ಅಮ್ಮನಿಗೆ ಕಳಿಸ್ತೀನಿ." ನಾನು ಹೇಳಿದೆ. ಅಷ್ಟರಲ್ಲಿ ಯಾರೋ ನಲ್ಲಿ ತಿರುಗಿಸಿದರು, ನೀರಿನ ಸದ್ದು ಸೇರಿಕೊಂಡಿತು. ಆಗ ನಾನೇ, ಯಾರೂ ಕೇಳದೆ, "ತಡಿ, ಸರಿಯಾಗಿ ಬರ್ಲಿಲ್ಲ" ಎಂದು ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿದೆ. ಈ ಬದುಕಿನಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಆ ಎರಡನೇ ಸಲದಷ್ಟು ನಾಚಿಕೆ ತರುವುದು ಬೇರೊಂದಿಲ್ಲ.

ನಡೆದದ್ದು ಇಷ್ಟು. ಮಳೆ ಇರಲಿಲ್ಲ, ಸುಡುಬಿಸಿಲು. ವ್ಯಾನಿನಿಂದ ಎಷ್ಟು ಜನ ಇಳಿದರೋ ನಾನು ನೋಡಲಿಲ್ಲ. ನೋಡಿದ್ದು ಬಿಳಿ ಶರ್ಟಿನ ಒಬ್ಬ ಸಣಕಲು ಮನುಷ್ಯ ಒಂದೇ ಕಾಲಿನಲ್ಲಿ ಚಪ್ಪಲಿ ಹಾಕಿಕೊಂಡು ರಸ್ತೆ ದಾಟಿ ನಾನಿದ್ದ ಅಂಗಡಿಯ ಕಡೆಗೆ ಓಡಿಬರುತ್ತಿದ್ದುದನ್ನು. ಅಂಗಡಿಯವನು ಎದ್ದು ಷಟರ್ ಎಳೆದ. ಅದು ಒಂದು ಮಗ್ಗುಲಿಗೆ ಸಿಕ್ಕಿಕೊಂಡಿತು. "ಎಳಿಯಮ್ಮ, ಎಳಿ!" ಎಂದು ಕೂಗಿದ. ನಾನು ಎರಡೂ ಕೈಯಿಂದ ಅದಕ್ಕೆ ಜೋತುಬಿದ್ದು ಎಳೆದೆ. ಒಳಗೆ ಕತ್ತಲಾಯಿತು. ಝೆರಾಕ್ಸ್ ಯಂತ್ರ ಮಾತ್ರ ನನ್ನ ಮಾರ್ಕ್ಸ್ ಕಾರ್ಡಿನ ಪ್ರತಿಗಳನ್ನು ಹೊರಹಾಕುತ್ತಲೇ ಇತ್ತು.

ಆ ಹುಡುಗಿಯ ಅಪ್ಪ ಷಟರ್ ಬಡಿದರು. ಮುಷ್ಟಿಯಿಂದಲ್ಲ, ಅಂಗೈಯಿಂದ. ಏನೋ ಹೇಳಿದರು, ಎರಡು ಮೂರು ಸಲ, ಅದನ್ನೇ. ತಗಡಿನ ಈಚೆ ನಾನು ಒಂದು ಮೊಳ ದೂರದಲ್ಲಿದ್ದೆ. ಚೆನ್ನಾಗಿ ಕೇಳಿಸಿತು. ಮನೆಗೆ ಬಂದು ಅಮ್ಮನಿಗೆ ಹೇಳಿದ್ದೆ, ಹೀಗೆ ಹೀಗೆ ಅಂದರು ಎಂದು. "ಯಾರ ಮುಂದೇನೂ ಬಾಯಿ ಬಿಡಬೇಡ, ಕೋರ್ಟು ಕಚೇರಿ ಅಲೀಬೇಕಾಗುತ್ತೆ" ಎಂದು ಅಮ್ಮ ಗದರಿದಳು. ಬಾಯಿ ಬಿಡಲಿಲ್ಲ. ಬಿಟ್ಟದ್ದು ಮೂರು ವರ್ಷದ ಮೇಲೆ, ಹಾಸ್ಟೆಲಿನಲ್ಲಿ, ಗೆಳತಿಯರ ಮುಂದೆ. ಆಗ ಷಟರನ್ನು ಬಿಟ್ಟು ಹೇಳಿದೆ. ಷಟರ್ ಹೋದ ಜಾಗ ಖಾಲಿ ಬಿತ್ತಲ್ಲ, ಅದನ್ನು ತುಂಬಲು ಒಂದೊಂದೇ ಸಾಮಾನು ತಂದಿಟ್ಟೆ. ಸಾಮಾನು ಸಿಗುವುದಕ್ಕೇನು ಕಷ್ಟ, ಪ್ರತಿ ಸಿನಿಮಾದಲ್ಲೂ ಇತ್ತು.

ನೆನಪು ಕೆದಕುವ ಅವಕಾಶ ಸಿಕ್ಕಿರಲಿಲ್ಲ ಎನ್ನುವಂತಿಲ್ಲ. ಮಗ ಒಂದನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ಸ್ಕೂಲಿನಿಂದ ಬಂದು, ಹಾಲು ಕುಡಿಯುತ್ತ ವರದಿ ಒಪ್ಪಿಸಿದ್ದ. ಗನ್ನು ಹಿಡಿದವರು ಸ್ಕೂಲಿಗೆ ನುಗ್ಗಿದರೆ ಏನು ಮಾಡಬೇಕೆಂದು ಅಭ್ಯಾಸ ಮಾಡಿಸಿದ್ದರಂತೆ. ದೀಪ ಆರಿಸಿ, ಬಾಗಿಲು ಲಾಕ್ ಮಾಡಿ, ಮೂಲೆಯಲ್ಲಿ ಕೂತಿದ್ದರಂತೆ. "ಯಾರಾದ್ರೂ ನಾಕ್ ಮಾಡಿದ್ರೂ ಓಪನ್ ಮಾಡ್ಬಾರ್ದು ಅಮ್ಮ. ಈವನ್ ಇಫ್ ಇಟ್ಸ್ ಯುವರ್ ಫ್ರೆಂಡ್." ನನ್ನ ಅಂಗೈಗೆ ಆ ಷಟರಿನ ಕಾದ ಕಬ್ಬಿಣ ತಾಗಿದಂತಾಯಿತು. ಅವತ್ತು ಕೂತು ನೆನೆಸಿಕೊಂಡಿದ್ದರೆ ಬಹುಶಃ ಎಲ್ಲ ಸಿಗುತ್ತಿತ್ತು. ನಾನು ಮಾಡಿದ್ದೇನು? ಪಾಪದ ಕೂಸುಗಳಿಗೆ ಇದೆಂಥ ಗತಿ, ಎಂಥ ದೇಶವಪ್ಪಾ ಇದು ಎಂದು ಗಂಡನ ಹತ್ತಿರ ಬೈದೆ. ಆ ಶನಿವಾರವೇ ಯಾರದೋ ಮನೆಯಲ್ಲಿ ಸೌಟು ಬೀಸಿದೆ.

ಆ ಹುಡುಗಿಯ ಅಮ್ಮ ಮರುವರ್ಷ ಬೇಸಿಗೆಯಲ್ಲಿ ಮಗಳ ಮನೆಗೆ ಬಂದರು. ಬಂದ ಹತ್ತು ದಿನಕ್ಕೆ ನನಗೆ ಕರೆ ಬಂತು. "ಅಮ್ಮ ನಿಮ್ಮನ್ನ ನೋಡ್ಬೇಕಂತೆ ಅಕ್ಕ. ಅವರೇಕಾಳು ಸಾರು ಮಾಡ್ತಾರಂತೆ." ಹೋಗದಿರಲು ನಾಲ್ಕು ನೆಪ ಹುಡುಕಿದೆ. ಐದನೆಯದು ಸಿಗಲಿಲ್ಲ.

ಇಂಡಿಯನ್ ಗ್ರೋಸರಿಯಲ್ಲಿ ಸಿಕ್ಕ ಫ್ರೋಜನ್ ಅವರೆಕಾಳನ್ನು ನೀರಿಗೆ ಹಾಕಿಕೊಂಡು, ಆಕೆ ಡೈನಿಂಗ್ ಟೇಬಲ್ಲಿನ ಹತ್ತಿರ ಕೂತು ಒಂದೊಂದೇ ಹಿಚುಕುತ್ತಿದ್ದರು. ಎಪ್ಪತ್ತರ ಹತ್ತಿರದ ಹೆಂಗಸು, ನೇರವಾದ ನೋಟ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಮಗಳು ಒಲೆಯ ಮುಂದೆ ನಿಂತಿದ್ದಳು. ಪೀಠಿಕೆ ಏನೂ ಇರಲಿಲ್ಲ.

"ಆ ಫೋನ್ನಾಗಿರೋ ದನಿ ಅವ್ರದಲ್ಲ ಕಣವ್ವ" ಎಂದರು. "ಅವ್ರದು ಸಣ್ಣ ದನಿ. ಹೆಂಗಸ್ರ ದನಿ ಅಂತ ಎಲ್ರೂ ರೇಗುಸ್ತಿದ್ರು. ಮಾತೂ ಅವ್ರದಲ್ಲ. ಇಂಜೆಕ್ಷನ್ ಅಂದ್ರೆ ಹಿತ್ಲು ಬಾಗ್ಲಿಂದ ಓಡೋಗೋರು, ಮುಖ ನೋಡ್ಕಂಡು ಸಾಯ್ತೀನಿ ಅಂದಾರಾ?"

ಒಲೆಯ ಮುಂದಿದ್ದ ಮಗಳು ತಿರುಗಿ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಆ ದಿನ ಕಂಡ ಖುಷಿಯ ಗುರುತೂ ಇರಲಿಲ್ಲ.

"ನಾನು ಬೈಯಕ್ಕೆ ಕರೀಲಿಲ್ಲ" ಎಂದರು ಆಕೆ. "ಝೆರಾಕ್ಸ್ ಅಂಗ್ಡಿ ತಾವ ಓಡ್ಬಂದ್ರು, ಅಂಗ್ಡಿಯೋರು ಷಟರ್ ಎಳ್ಕಂಡ್ರು ಅಂತ ಊರೇ ಆಡ್ಕೊಳ್ತು. ನಾನು ಹೋಗಿ ಕಾಲಿಡ್ಕಂಡ್ರೂ ಅಂಗ್ಡಿಯೋನು ಬಾಯಿ ಬುಡ್ಲಿಲ್ಲ. ಈಗ ಅವ್ನೂ ಇಲ್ಲ. ನೀನು ಒಳಗಿದ್ಯಂತೆ, ಮಗ್ಳು ಅಂದ್ಲು. ಅವ್ರು ಏನಂದ್ರು? ಅದ್ನ ಯೋಳು, ಸಾಕು."

ಎಲ್ಲವನ್ನೂ ಹೇಳಿದೆ. ಷಟರ್ ಎಳೆದವರಲ್ಲಿ ನಾನೂ ಒಬ್ಬಳು ಎಂದೂ ಹೇಳಿದೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಮಾತು ನನ್ನ ಬಾಯಿಂದ ಬಂತು. ಮಗಳು ಒಲೆ ಆರಿಸಿ, ಅಲ್ಲೇ ನೆಲದ ಮೇಲೆ ಕೂತಳು.

ಆಕೆ ತಲೆಯಾಡಿಸಿದರು. "ಹದಿನೇಳು ವರ್ಸದ ಹುಡ್ಗಿ. ಹೆದ್ರುಕೊಂಡೆ. ಅದ್ಕೆ ನಾನೇನೂ ಅನ್ನಕಿಲ್ಲ. ಏನಂದ್ರು?"

ಕಣ್ಣು ಮುಚ್ಚಿದೆ. ಅಂಗೈಯ ಸದ್ದು ಬಂತು. ಯಂತ್ರದ ಸದ್ದು ಬಂತು. ಅದರ ನಡುವೆ ಮನುಷ್ಯನ ದನಿ ಬರಬೇಕಾದ ಜಾಗದಲ್ಲಿ ಬಂದದ್ದು ನನ್ನದೇ ಡೈಲಾಗು, ದಪ್ಪ ಗಂಟಲಿನಲ್ಲಿ, ಎಳೆದು ಎಳೆದು. ಮತ್ತೆ ಪ್ರಯತ್ನಿಸಿದೆ. ಮತ್ತೆ ಅದೇ ಬಂತು. ನಾನು ಕೇಳಿಸಿಕೊಂಡಿದ್ದ, ಅಮ್ಮನಿಗೆ ಒಪ್ಪಿಸಿದ್ದ ಆ ಎರಡು ಮೂರು ಮಾತನ್ನು ಸಿನಿಮಾ ಮಾತು ತಿಂದುಹಾಕಿತ್ತು. ಅದನ್ನು ಸಾಕಿದವಳು ನಾನು.

"ಒಂದೇ ಒಂದು ವರ್ಡ್ ಆದ್ರೂ ಅಕ್ಕ, ಪ್ಲೀಸ್" ಎಂದಳು ನೆಲದ ಮೇಲೆ ಕೂತಿದ್ದವಳು.

ಕತೆಗಾತಿಯ ನಾಲಿಗೆ ಕೆಟ್ಟದ್ದು. ಆ ಗಳಿಗೆಯಲ್ಲೂ ಅದು ನನಗೆ ಉತ್ತರ ಜೋಡಿಸಿಕೊಟ್ಟಿತು. ಮಗಳ ಹೆಸರು ಹಿಡಿದು ಕೂಗಿದರು ಎಂದು ಹೇಳು, ಇಬ್ಬರಿಗೂ ಸಮಾಧಾನವಾಗುತ್ತದೆ ಎಂದಿತು. ಅವರಿಬ್ಬರೂ ನಂಬುತ್ತಿದ್ದರು ಎಂದು ಈಗಲೂ ಅನಿಸುತ್ತದೆ. ನಾಲಿಗೆ ಕಚ್ಚಿಕೊಂಡೆ.

"ನೆನಪಿಲ್ಲಮ್ಮ" ಎಂದೆ. "ನಾನು ಕೇಳಿಸ್ಕೊಂಡಿದ್ದೆ. ಈಗ ಇಲ್ಲ."

ಆಕೆ ಕೈಯಲ್ಲಿದ್ದ ಕಾಳನ್ನು ಹಿಚುಕಿ ಬಟ್ಟಲಿಗೆ ಹಾಕಿದರು. ಆಮೇಲೆ ಒದ್ದೆ ಕೈಯಲ್ಲೇ ನನ್ನ ಮೊಣಕೈ ಮುಟ್ಟಿದರು.

"ನಿಧಾನುಕ್ಕೆ ನೆನೆಸ್ಕೊ ಕಣವ್ವ. ನಾನು ಇನ್ನೂ ಮೂರು ತಿಂಗ್ಳು ಇಲ್ಲೇ ಇರ್ತೀನಿ."

ಆ ಮೂರು ತಿಂಗಳಲ್ಲಿ ನಾನು ಮಾಡದ ಪ್ರಯತ್ನವಿಲ್ಲ. ಕೇಳೋಣವೆಂದರೆ ಅಮ್ಮ ತೀರಿಕೊಂಡಿದ್ದಳು. ತಮ್ಮನಿಗೆ ಫೋನು ಮಾಡಿದೆ, ಅವನಿಗೆ ಗೊತ್ತಿದ್ದುದು ನನ್ನ ಪಾಟ್‌ಲಕ್ ಕತೆಯೇ. ಗ್ಯಾರೇಜಿಗೆ ಹೋಗಿ ಬಾಗಿಲು ಇಳಿಸಿ ಕತ್ತಲಲ್ಲಿ ಕೂತೆ. ಗಂಡನನ್ನು ಹೊರಗೆ ನಿಲ್ಲಿಸಿ ಅಂಗೈಯಿಂದ ಬಡಿಯಲು ಹೇಳಿದೆ. ಅವರು ಪಾಪ, ಏಕೆಂದು ಕೇಳದೆ ಬಡಿದರು. ಏನೂ ಬರಲಿಲ್ಲ.

ಆಕೆ ಹೊರಟ ದಿನ ನಾನೂ ಏರ್‌ಪೋರ್ಟಿಗೆ ಹೋದೆ. ಮಗಳು ನನ್ನೊಡನೆ ಮಾತನಾಡಲಿಲ್ಲ, ಬ್ಯಾಗುಗಳ ತೂಕ ನೋಡುತ್ತಿದ್ದಳು. ಸೆಕ್ಯೂರಿಟಿಯ ಸಾಲು ಸೇರುವ ಮುಂಚೆ ಆಕೆ ನಿಂತರು. ಮಗಳನ್ನು ತಬ್ಬಿಕೊಂಡು ಆದ ಮೇಲೆ ನನ್ನ ಮುಖ ನೋಡಿದರು, ಕೇಳಬೇಕಾದ್ದನ್ನು ಬಾಯಿಬಿಟ್ಟು ಕೇಳದೆ. ನಾನು ಇಲ್ಲವೆಂದು ತಲೆಯಲ್ಲಾಡಿಸಿದೆ. ಆಕೆ ಸರಿ ಎಂಬಂತೆ ಕಣ್ಣು ಮುಚ್ಚಿ ತೆಗೆದು, ಬ್ಯಾಗು ಎತ್ತಿಕೊಂಡು ಒಳಗೆ ಹೋದರು.