ಟಾಕೀಜಿನಲ್ಲಿ ನಡೆಯದ ಹೆಬ್ಬೆರಳು

ಒಂದು ಸಿನಿಮಾ ನೋಡಿ ಬಂದು ಹೇಳು ಎಂದಿದ್ದಳು ಅಕ್ಕ. ನಾನು ನೋಡಲಿಲ್ಲ, ನೋಡಿದೆ ಎಂದು ಹೇಳಿದೆ.

ಅಕ್ಕನ ಬಲಗೈ ಹೆಬ್ಬೆರಳಿನ ತುದಿ ಸೂಜಿ ಚುಚ್ಚಿಸಿಕೊಂಡು ಒರಟಾಗಿದೆ. ಖಾನಾಪುರದಲ್ಲಿ ಅವಳು ಹೊಲಿಗೆ ಮಾಡುತ್ತಾಳೆ. ಮಗಳು ಮೊಬೈಲಿನಲ್ಲಿ ಕಾರ್ಟೂನ್ ನೋಡುವಾಗ ಆ ಹೆಬ್ಬೆರಳು ಗಾಜಿಗೆ ತಾಗಿಯೂ ತಾಗದಂತೆ, ಒಂದು ನೂಲಿನೆಳೆಯಷ್ಟು ಮೇಲೆ ನಿಂತಿರುತ್ತಿತ್ತು.

ಅವಳ ಪದ್ಧತಿಯೇ ಹಾಗೆ. ಮೊದಲು ತಾನೊಬ್ಬಳೇ ಪೂರ್ತಿ ನೋಡುವಳು. ಆಮೇಲೆ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಮತ್ತೆ ಹಚ್ಚುವಳು. ಯಾರಾದರೂ ಸುಳ್ಳು ಹೇಳಿದರೆ, ಮುದುಕಿಯೊಬ್ಬಳು ಬಿದ್ದದ್ದಕ್ಕೆ ಉಳಿದವರು ನಕ್ಕರೆ, ಹೆಬ್ಬೆರಳು ಇಳಿಯುತ್ತಿತ್ತು. ಚಿತ್ರ ನಿಲ್ಲುತ್ತಿತ್ತು.

"ಈಗ ಇಂವ ಏನ್ ಮಾಡಬೇಕಿತ್ತ?"

ಮಗಳು ಉತ್ತರ ಕೊಟ್ಟ ಮೇಲೆಯೇ ಮುಂದಕ್ಕೆ. ರಾಕ್ಷಸರ ಬಗ್ಗೆ ಅಕ್ಕನಿಗೆ ತಕರಾರಿರಲಿಲ್ಲ, ಬೈಬಲಿನಲ್ಲೂ ಸೈತಾನನಿದ್ದಾನೆ ಎನ್ನುತ್ತಿದ್ದಳು. ತಪ್ಪು ಮಾಡಿದವನು ಕ್ಷಮೆ ಕೇಳದೆ ಗೆದ್ದು ಕುಣಿದರೆ ಮಾತ್ರ ಆ ಸಿನಿಮಾಕ್ಕೆ ಮನೆಯೊಳಗೆ ಜಾಗವಿಲ್ಲ. ಸತ್ತವರನ್ನು ಮಂತ್ರ ಹಾಕಿ ಕರೆಯುವ ಕಥೆಗಳೂ ಬೇಡ. ಹೋದ ವರ್ಷ ಅವಳ ಗಂಡ, ನಮ್ಮ ಭಾವ, ತೀರಿಕೊಂಡ ಮೇಲೆ ಅದರಲ್ಲಿ ಇನ್ನೂ ಬಿಗಿಯಾದಳು. ಬಾಜು ಮನೆಯ ಲಿಂಗಾಯತರ ಮುದುಕಿ, ನಾವೆಲ್ಲ ಕಾಕು ಎಂದು ಕರೆಯುವವಳು, ಕೂಡ ತನ್ನ ಮೊಮ್ಮಕ್ಕಳಿಗೆ ಏನಾದರೂ ತೋರಿಸುವ ಮೊದಲು ಗೋಡೆಯಾಚೆಯಿಂದಲೇ ಕೇಳುತ್ತಿದ್ದಳು: "ಇದಕ್ಕ ನಿನ್ನ ಒಪ್ಪಿಗಿ ಹೆಬ್ಬಟ್ಟ ಬಿತ್ತೇನವ್ವಾ?"

ಮಗಳು ಬೆಳಗಾವಿಯ ಟಾಕೀಜಿನಲ್ಲೇ ಒಂದು ಕಾರ್ಟೂನ್ ಸಿನಿಮಾ ನೋಡಬೇಕೆಂದು ಹಟ ಹಿಡಿದಾಗ ಅಕ್ಕ ನನಗೆ ಫೋನ್ ಮಾಡಿದಳು.

"ಟಾಕೀಜಿನಾಗ ನನ್ನ ಬೆರಳ ನಡಿಯಂಗಿಲ್ಲೋ ತಮ್ಮಾ. ನೀ ಮೊದಲ ನೋಡಿ ಬಾ. ಅಪ್ಪ ಸತ್ತದ್ದು ಗಿತ್ತದ್ದು ಇದ್ದರ ಹೇಳು."

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಬೆಳಗಾವಿಯ ವಡಗಾವಿಯಲ್ಲಿ ಮಗ್ಗದ ಕೆಲಸಕ್ಕೆ ಸೇರಿದವನು. ಯಾವುದರ ಬಗ್ಗೆಯೂ ನನ್ನ ಅಭಿಪ್ರಾಯವನ್ನು ಯಾರೂ ಕೇಳಿದ್ದಿಲ್ಲ. ಟಾಕೀಜಿನ ತನಕ ಹೋದೆ. ಮಕ್ಕಳ ಸಿನಿಮಾಕ್ಕೆ ಗಂಡಸು ಒಬ್ಬನೇ ಹೋಗಿ ಕೂರುವುದು ಹೇಗೆ ಎಂದು ನಾಚಿಕೆಯಾಯಿತು. ಹೊರಗಿನ ಪೋಸ್ಟರಿನಲ್ಲಿ ಬಿಳಿ ರೆಕ್ಕೆಯ ಹುಡುಗಿಯೊಬ್ಬಳು ನಗುತ್ತಿದ್ದಳು. ನಮ್ಮ ಮನೆಯಲ್ಲಿ ರೆಕ್ಕೆಯೆಂದರೆ ದೇವದೂತರೇ. ಎದುರಿನ ಅಂಗಡಿಯಲ್ಲಿ ಚಹಾ ಕುಡಿದು, ಹೊತ್ತು ಕಳೆದು, ಫೋನ್ ಮಾಡಿದೆ. ದೇವದೂತರ ಸಿನಿಮಾ ಐತಿ, ಚಲೋ ಐತಿ ಎಂದೆ.

ಅಕ್ಕ ಮಗಳನ್ನು ಕರೆದುಕೊಂಡು ಬಂದಳು, ಮೂವರೂ ಟಾಕೀಜಿನಲ್ಲಿ ಕೂತೆವು. ಆ ರೆಕ್ಕೆಯವಳು ಮಾಟಗಾತಿ. ನಡುವಿನಲ್ಲಿ ಒಂದು ಮಗುವಿಗೆ ಮಂತ್ರ ಕಲಿಸಿದಳು. ಕನ್ನಡಿಯ ಮುಂದೆ ಮೇಣದಬತ್ತಿ ಹಚ್ಚಿ ಮಗು ಅದನ್ನು ಹೇಳಿದ ಕೂಡಲೇ, ಸತ್ತ ಅಪ್ಪ ಕನ್ನಡಿಯೊಳಗಿಂದ ನಡೆದುಬಂದು ಮಗುವನ್ನು ಎತ್ತಿಕೊಂಡ. ಜನ ಚಪ್ಪಾಳೆ ತಟ್ಟಿದರು. ಅಕ್ಕನ ಹೆಬ್ಬೆರಳು ಕುರ್ಚಿಯ ಕೈಯನ್ನು ಒತ್ತುತ್ತಲೇ ಇತ್ತು. ನಾನು ಅವಳ ಪಕ್ಕದಲ್ಲಿದ್ದೆ.

ಹೊರಗೆ ಬಂದವಳು ಮಗಳ ಕೈ ಹಿಡಿದು ಖಾನಾಪುರದ ಬಸ್ಸು ಹತ್ತಿದಳು. ತಮ್ಮ ಇಂಥದಕ್ಕೆ ಹೇಗೆ ಹೂಂ ಅಂದ ಎಂದು ಕಾಕು ಕೇಳಿದಾಗ, ಏನು ನೋಡಬೇಕೆಂದು ತಾನೇ ಅವನಿಗೆ ನೆಟ್ಟಗೆ ಹೇಳಿರಲಿಲ್ಲ ಎಂದಳಂತೆ. ಸಿನಿಮಾವನ್ನು ಪೂರ್ತಿ ತಳ್ಳಿಹಾಕಲೂ ಇಲ್ಲ. ಚಿತ್ರ ಚೆಂದ ಬರೆದಿದ್ದಾರೆ, ಆ ಮಗು ತನ್ನ ರೊಟ್ಟಿ ಮುರಿದು ನಾಯಿಗೆ ಹಾಕುವುದನ್ನು ಎಲ್ಲ ಮಕ್ಕಳೂ ನೋಡಬೇಕು, ಆದರೆ ದುಃಖಕ್ಕೆ ಸುಳ್ಳು ಔಷಧ ಕೊಟ್ಟಿದ್ದಾರೆ ಎಂದಳು.

ಮುಂದಿನ ಭಾನುವಾರ ಖಾನಾಪುರಕ್ಕೆ ಹೋದೆ. ಚರ್ಚಿನಿಂದ ಬಂದ ಅಕ್ಕನ ಮಗಳು ಊಟಕ್ಕೆ ಬಂದಿರಲಿಲ್ಲ. ಒಳಗೆ ಕಪಾಟಿನ ಕನ್ನಡಿಯ ಮುಂದೆ ಭಾವನ ಅಂಗಿ ಹಾಸಿ, ಮೇಣದಬತ್ತಿ ಹಚ್ಚಿಕೊಂಡು, ಆ ಮಂತ್ರದ ಶಬ್ದಗಳನ್ನು ಹಿಂದೆ ಮುಂದೆ ಮಾಡಿ ಹೇಳುತ್ತಿದ್ದಳು. ಅಕ್ಕ ಅವಳ ಪಕ್ಕ ಕುಳಿತಳು.

"ಕರದ್ರ ಬರಂಗಿಲ್ಲವ್ವಾ. ಅಪ್ಪ ಇದ್ದಲ್ಲಿಗೆ ಒಂದಿನ ನಾವ ಹೋಗೂದು."

"ಸಿನಿಮಾದಾಗ ಬಂದನಲ್ಲ? ನಾನ ತಪ್ಪ ಹೇಳಾಕತ್ತೇನಿ. ಅದಕ್ಕ ಅಪ್ಪ ಬರವಲ್ಲ."

ಅಕ್ಕನ ಕೈ ಮಗಳ ಬೆನ್ನ ಮೇಲಿತ್ತು. ಹೆಬ್ಬೆರಳು ಒಮ್ಮೆ ಎದ್ದು ಹಾಗೆಯೇ ನಿಂತಿತು. ನಾನು ಬಾಗಿಲಲ್ಲಿ ನಿಂತವನು ಒಳಗೆ ಹೋಗಿ ನೆಲದ ಮೇಲೆ ಕುಳಿತೆ.

"ತಪ್ಪ ನಿಂದಲ್ಲ ಕೂಸ, ನಂದು," ಎಂದೆ. "ನಾ ಸಿನಿಮಾ ನೋಡಿರಲಿಲ್ಲ. ಹೊರಗಿನ ಚಿತ್ರ ನೋಡಿ ನಿಮ್ಮವ್ವಗ ಸುಳ್ಳ ಹೇಳಿದೆ. ಅಕ್ಕಾ, ತಪ್ಪಾತು. ನನ್ನ ಕ್ಷಮಾ ಮಾಡು."