ಗಿಡ್ಡಯ್ಯನ ಗದ್ದೆಯ ಸಿ.ಡಿ.

ಲಿಡ್ವಿನ್ ತೀರಿಕೊಂಡ. ಹೋದ ನವೆಂಬರಿನ ಒಂದು ಸಂಜೆ, ಗಿಡ್ಡಯ್ಯನ ಗದ್ದೆ ಬದುವಿನಲ್ಲಿ ಒಂಟಿ ಆನೆ ತುಳಿದು ಸತ್ತ. ‘ಕಾಡಾನೆ ದಾಳಿ: ವ್ಯಕ್ತಿ ಬಲಿ’ ಎಂದು ಪತ್ರಿಕೆಯಲ್ಲಿ ಬಂತು. ಆ ವ್ಯಕ್ತಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಕಂಪ್ಯೂಟರ್ ರಿಪೇರಿಯವನಿಗೆ ಆ ಹೊತ್ತಿನಲ್ಲಿ ಗದ್ದೆಯಲ್ಲೇನು ಕೆಲಸವಿತ್ತು ಎಂದು ಪತ್ರಿಕೆಯವರು ಕೇಳಲಿಲ್ಲ. ಅದನ್ನು ಬರೆದಿಡಬೇಕು ಅನ್ನಿಸಿತು.

ಬಾಳ್ಳುಪೇಟೆಯಲ್ಲಿ ಹೆದ್ದಾರಿಗೆ ಮುಖ ಮಾಡಿಕೊಂಡು ಅವನ ಅಂಗಡಿ. ಲಾರಿ ಹಾದಾಗಲೆಲ್ಲ ಗಾಜು ನಡುಗುತ್ತಿತ್ತು. ಮುಂದೊಂದು ಜೆರಾಕ್ಸ್ ಯಂತ್ರ, ಹಿಂದೆ ಹಳೆಯ ಕಂಪ್ಯೂಟರುಗಳ ರಾಶಿ. ಯಾವುದನ್ನೂ ಎಸೆಯಲಾರ.

“ಈ ಗುಜರಿಯೊಳಗೆ ಒಂದಿನ ನಿಮ್ಮನ್ನೂ ಹುಡುಕ್ಬೇಕಾಗ್ತದೆ” ಎಂದು ಹೆಂಡತಿ ಆಲ್ವಿಟಾ ಬೈದರೆ, “ಹುಡುಕು, ಸ್ಪೇರಿಗಾದ್ರೂ ಆಗ್ತೇನೆ” ಅನ್ನುತ್ತಿದ್ದ.

ಸಿ.ಡಿ.ಗಳನ್ನು ಮಾತ್ರ ಕೇಳಿದವರಿಗೆಲ್ಲ ಕೊಟ್ಟುಬಿಟ್ಟಿದ್ದ. ಭತ್ತ ಬಲಿಯುವ ಕಾಲಕ್ಕೆ ಗಿಳಿ ಹೆದರಿಸಲು ನಮ್ಮ ಕಡೆ ಅವನ್ನು ದಾರ ಕಟ್ಟಿ ಗದ್ದೆಯಲ್ಲಿ ತೂಗುಬಿಡುತ್ತಾರೆ. ಗಾಳಿಗೆ ತಿರುಗಿ ಬಿಸಿಲಿಗೆ ಮಿಂಚುತ್ತವೆ. ಹೊಸ ಕಂಪ್ಯೂಟರುಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ, ಇನ್ನು ಯಾತಕ್ಕೆ ಎಂದು ಅವನ ಲೆಕ್ಕ.

ನಮ್ಮೂರ ಹಾಲಿನ ಡೇರಿಯಲ್ಲಿ ಅವನೇ ಕೂರಿಸಿಕೊಟ್ಟ ಹಳೆಯ ಕಂಪ್ಯೂಟರ್ ಒಂದಿತ್ತು. ಆನೆಗಳು ಎಲ್ಲಿವೆ ಎಂದು ಅರಣ್ಯ ಇಲಾಖೆಯ ಕಾವಲಿನವರಿಂದ ಸುದ್ದಿ ಬಂದರೆ ಡೇರಿಯ ನಯನಾ ಅದನ್ನು ಟೈಪ್ ಮಾಡುವಳು. ತೋಟಕ್ಕೆ ಹೋಗುವ ಕವಲುದಾರಿಯ ಫಲಕದಲ್ಲಿ ಕೆಂಪು ಅಕ್ಷರ ಹೊತ್ತಿಕೊಂಡು ಸೈರನ್ ಕೂಗುತ್ತಿತ್ತು. ಆ ತಗ್ಗಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಚೌಡಮ್ಮನ ಗಂಡ ಅಲ್ಲೇ ಆನೆಗೆ ಸಿಕ್ಕಿ ಸತ್ತ ಮೇಲೆ ಊರವರು ಸೇರಿ ಹಾಕಿಸಿದ್ದು. ಕಾಫಿ ಹಣ್ಣು ಕುಯ್ಯಲು ಬೆಳಗಿನ ಮಂಜಿನಲ್ಲಿ ತೋಟದಾಳುಗಳ ಲೈನ್ ಮನೆಗಳ ಹೆಂಗಸರನ್ನು ಆ ದಾರಿಯಲ್ಲಿ ಕರೆದೊಯ್ಯುವವಳು ಅದೇ ಚೌಡಮ್ಮ.

ದೀಪಾವಳಿ ಕಳೆದು ಹೊಡೆದ ಸಿಡಿಲಿಗೆ ಆ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡ್ ಸುಟ್ಟುಹೋಯಿತು. ಸುದ್ದಿ ಹೋಗದೆ ಫಲಕ ಕತ್ತಲಾಯಿತು. ಚೌಡಮ್ಮ ಅಂಗಡಿಗೇ ಬಂದಳು.

“ಲಿಡ್ವಿನ್ನಣ್ಣ, ಸೋಮಾರದಿಂದ ಕುಯ್ಲು. ಕೆಂಪು ದೀಪ ಇಲ್ದೆ ಯಾವ ಧೈರ್ಯದ ಮೇಲೆ ಇವ್ರನ್ನ ಕರ್ಕೊಂಡೋಗ್ಲಿ?”

“ಎರಡು ದಿನ ತಡಿ ಮಾರಾಯ್ತಿ.”

“ನಾನು ತಡೀತೀನಿ, ತೋಟದ ಹಾಜ್ರಿ ಹಾಕೋ ರೈಟರ್ ತಡೀತಾನಾ? ನೀವು ಬರ್ದೇ ಇದ್ರೆ ಬ್ಯಾರೇರ್ನ ಕರೀತೀನಿ ಅಂದವ್ನೆ.”

ಹೊಸ ಕಂಪ್ಯೂಟರ್ ಹಾಕೋಣವೆಂದರೆ ಫಲಕದ ಪ್ರೋಗ್ರಾಂ ಹಳೆಯ ವಿಂಡೋಸಿನಲ್ಲಿ ಮಾತ್ರ ಓಡುವಂಥದ್ದು. ಮಾಡಿಕೊಟ್ಟ ಕಂಪನಿ ಬಾಗಿಲು ಹಾಕಿತ್ತು. ಲಿಡ್ವಿನ್ ತನ್ನ ರಾಶಿಯಿಂದ ಅದೇ ಕಾಲದ ಕಾರ್ಡೊಂದನ್ನು ಹೆಕ್ಕಿ ಕೂರಿಸಿದ. ಕೂರಿಸಿದರೆ ಸಾಲದು. ಆ ಕಾರ್ಡಿನ ಜೊತೆ ಹೇಗೆ ವ್ಯವಹರಿಸಬೇಕೆಂದು ಕಂಪ್ಯೂಟರಿಗೆ ಕಲಿಸುವ ಡ್ರೈವರ್ ಬೇಕು. ಪರದೆಯ ಮೇಲೆ ಕಾರ್ಡಿನ ಹೆಸರಿನ ಪಕ್ಕ ಒಂದು ಹಳದಿ ಗುರುತು ಬಂದು ನಿಂತಿತು.

ಅದನ್ನು ಅಳಿಸಲು ಅವನು ಅಂತರ್ಜಾಲವನ್ನೆಲ್ಲ ಜಾಲಾಡಿದ. ಕಾರ್ಡ್ ಮಾಡಿದವರ ಪುಟವೇ ಇರಲಿಲ್ಲ. ಮತ್ತೊಂದು ಕಡೆ ಇಳಿಸಿಕೊಂಡದ್ದು ಹೊಸ ವಿಂಡೋಸಿನದು. ಇನ್ನೊಂದರಲ್ಲಿ ಡ್ರೈವರ್ ಬದಲು ವೈರಸ್. ಗಡ್ಡ ಬೋಳಿಸಿರಲಿಲ್ಲ, ಊಟ ಹಾಗೇ ಆರುತ್ತಿತ್ತು. ಶನಿವಾರ ನಾನು ಹೋದಾಗ ಸುಮ್ಮನೆ ಕೂತಿದ್ದ.

“ಇದರ ಸಿ.ಡಿ. ನನ್ನ ಹತ್ರ ಇತ್ತು ಮಾರಾಯ. ಗಿಳಿಗಳಿಗೆ ಕೊಟ್ಟುಬಿಟ್ಟೆ.”

ಭಾನುವಾರ ಚರ್ಚಿನಿಂದ ನೇರ ಬಂದ. ನನ್ನ ಸ್ಕೂಟರಿನಲ್ಲಿ ಗದ್ದೆ ಗದ್ದೆ ತಿರುಗಿದೆವು. ಒಂದೊಂದನ್ನೂ ಹಿಡಿದು ನೋಡುವನು, ಬಿಡುವನು. ಹೆಚ್ಚಿನವು ಮಳೆಬಿಸಿಲಿಗೆ ಈರುಳ್ಳಿ ಸಿಪ್ಪೆಯಂತೆ ಸುಲಿದುಹೋಗಿದ್ದವು. ಗಿಡ್ಡಯ್ಯ ಮಾತ್ರ ಸುಗ್ಗಿ ಮುಗಿದ ಮೇಲೆ ಬಿಚ್ಚಿ ಅಟ್ಟದಲ್ಲಿ ಇಡುವವನು. ಕಾಡಿನಂಚಿನ ಅವನ ಗದ್ದೆಯಲ್ಲಿ, ಲಿಡ್ವಿನ್ನನ ಕೈಬರಹವಿದ್ದ ಆ ಸಿ.ಡಿ. ಸಿಕ್ಕಿತು.

“ಏನ್ ಲಿಡ್ವಿನ್ನಣ್ಣ, ಕೊಟ್ಟಿದ್ನ ಕಿತ್ಕೊಳ್ಳಾಕೆ ಬಂದ್ಯಾ?”

“ಒಂದೇ ಒಂದು ಗಿಡ್ಡಣ್ಣ. ಕೆಲ್ಸ ಆದ ಕೂಡ್ಲೆ ತಂದು ಕಟ್ತೇನೆ.”

“ಮರೀಬ್ಯಾಡ ಮತ್ತೆ. ಈ ಮೂಲೇಗೇ ಗಿಳಿ ಮೊದ್ಲು ಇಳಿಯೋದು, ಬೆಳಕು ಹರೀತಿದ್ದಂಗೆ. ಅದೇನೈತೆ ಅದ್ರೊಳಗೆ?”

“ಆನೆ ಬಂತು ಅಂತ ಹೇಳೋ ಮಂತ್ರ.”

“ಹಂಗಾರೆ ಇಲ್ಲೇ ಇರ್ಲಿ ಬುಡು! ಅವು ಮೊದ್ಲು ನುಗ್ಗಾದೇ ನನ್ ಗದ್ದೇಗೆ.”

ಮೂವರೂ ನಕ್ಕೆವು.

ಡೇರಿಯಲ್ಲಿ ಅವನು ಸಿ.ಡಿ.ಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಂಗಿಯ ಅಂಚಿಗೆ ಉಜ್ಜಿ ಒಳಗಿಟ್ಟ. ಯಂತ್ರ ಗೊರಗೊರ ಅಂದಿತು, ನಿಂತಿತು, ಮತ್ತೆ ತಿರುಗಿತು. ಹಳದಿ ಗುರುತು ಹೋಯಿತು. ನಯನಾ ಟೈಪ್ ಮಾಡಿದಳು: ಆನೆ ಹಿಂಡು ತೋಟದ ಆಚೆ ಕಡೆ ಇದೆ. ಕವಲಿನಿಂದ ಸೈರನ್ ಕೇಳಿತು. ಚೌಡಮ್ಮ ಡೇರಿಯ ಮೆಟ್ಟಿಲ ಮೇಲೆ ಕೂತಿದ್ದವಳು ಎದ್ದು ಸೆರಗು ಕೊಡವಿ ಲೈನ್ ಮನೆಗಳ ಕಡೆ ಹೋದಳು.

ಡ್ರೈವರನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡ. ಸಿ.ಡಿ.ಯನ್ನು ಜೇಬಿಗಿಟ್ಟುಕೊಂಡ. ಹೊತ್ತು ಇಳಿಯುತ್ತಿತ್ತು.

“ನಾಳೆ ಕೊಡೋಣ, ಬಾ, ಕಾಫಿ ಕುಡಿಯೋಣ” ಅಂದೆ.

“ಗಿಳಿಗಳು ನಾಳೆ ನನಗಿಂತ ಮೊದ್ಲು ಏಳ್ತವೆ ಮಾರಾಯ. ಹಿಂಡು ಆಚೆ ಉಂಟಲ್ಲ, ಬೋರ್ಡೇ ಹೇಳ್ತು” ಎಂದು ನಡೆದ.

ಫಲಕ ಹೇಳಿದ್ದು ಸುಳ್ಳಲ್ಲ. ಹಿಂಡು ಆಚೆಯೇ ಇತ್ತು. ಹಿಂಡು ಬಿಟ್ಟ ಒಂಟಿ ಗಂಡಾನೆಯ ಸುದ್ದಿ ಯಾರಿಗೂ ಇರಲಿಲ್ಲ.

ಆ ಸಂಜೆ ನಯನಾ ಅಳುತ್ತಲೇ ಟೈಪ್ ಮಾಡಿದಳು: ಗಿಡ್ಡಯ್ಯನ ಗದ್ದೆ ಹತ್ತಿರ ಒಂಟಿ ಆನೆ ಇದೆ. ಸೋಮವಾರ ಬೆಳಿಗ್ಗೆ ಅದು ಇಳಿದು ಬಂದು ಕವಲಿನಲ್ಲೇ ನಿಂತಿತ್ತು. ಕಾವಲಿನವರ ಸುದ್ದಿಗೆ ಮತ್ತೆ ಕೂಗಿದ ಸೈರನ್ ಕೇಳಿ ಚೌಡಮ್ಮ ಹೆಂಗಸರನ್ನು ಅರ್ಧ ದಾರಿಯಿಂದ ವಾಪಸು ಕರೆತಂದಳು. ರೈಟರ್ ಅಂದು ಬೇರೆಯವರನ್ನು ಕರೆಯಲಿಲ್ಲ.

ಮಣ್ಣು ಮಾಡುವಾಗ ಗಿಡ್ಡಯ್ಯ ಚರ್ಚಿನ ಗೇಟಿನ ಹೊರಗೇ ಕೂತಿದ್ದ. “ಮರೀಬ್ಯಾಡ ಅಂದೋನು ನಾನೇ ಕಣ್ರೀ” ಎಂದು ಕಂಡವರಿಗೆಲ್ಲ ಹೇಳುತ್ತಿದ್ದ. ಆಲ್ವಿಟಾ ಅವನನ್ನು ಕೈಹಿಡಿದು ಒಳಗೆ ಕರೆದುಕೊಂಡು ಬಂದರು.

ಆಮೇಲೆ ನಾನು ಆ ಗದ್ದೆಗೆ ಹೋದೆ. ಬದುವಿನ ಪಕ್ಕ ಪೈರು ನೆಲಕ್ಕೆ ಮಲಗಿತ್ತು. ಮೂಲೆಯ ಗಳಕ್ಕೆ ಸಿ.ಡಿ. ಕಟ್ಟಿತ್ತು. ದಾರ ಹಳತಾಗಿತ್ತೇನೋ, ಲಿಡ್ವಿನ್ ತನ್ನ ಜೇಬಿನಲ್ಲಿದ್ದ ನೆಟ್‌ವರ್ಕ್ ಕೇಬಲ್ಲಿನ ನೀಲಿ ಎಳೆಯೊಂದನ್ನು ಬಳಸಿದ್ದ. ಎರಡು ಸುತ್ತು ಹಾಕಿ ಬಿಗಿದು, ಬಿಚ್ಚುವಾಗ ಗಿಡ್ಡಯ್ಯನ ಕೈಗೆ ಚುಚ್ಚದಿರಲೆಂದು ತುದಿಯನ್ನು ಒಳಕ್ಕೆ ಮಡಿಸಿದ್ದ.